ಹತ್ತಡಿ ಖೋಲಿಯೊಳಗೊಂದು ದೂಧಸಾಗರ

ಗೋವೆಯ ಬಾಯ್ನಾದಿಂದ ವಾಸ್ಕೋ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಇಲ್ಲಿಯ ಕನ್ನಡದ ಮನೆಗಳಿಗೆ ಆ ಸ್ಟೇಷನ್ನೇ ಊರಿನ ಅಗಸಿ ಬಾಗಿಲು. ಹುಬ್ಬಳ್ಳಿ, ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದರಿನ ಕೆಲಸಕ್ಕೆ, ಗೌಂಡಿ ಕೆಲಸಕ್ಕೆ ಬಂದವರು ಹಬ್ಬಕ್ಕೆ ಊರಿಗೆ ಹೊರಡುವುದು, ರೊಟ್ಟಿ ಗಂಟಿನೊಂದಿಗೆ ತಿರುಗಿ ಬಂದಿಳಿಯುವುದು ಎಲ್ಲವೂ ಅಲ್ಲಿಂದಲೇ. ಆ ದಾರಿಯಲ್ಲಿ ಬೋಗದಾ ಎಣಿಸುತ್ತ, ಕತ್ತಲಾದ ಕೂಡಲೇ ಕೂಗು ಹಾಕುತ್ತ ಬೆಳೆದ ಮಕ್ಕಳಿಗೆ ರೈಲಿನ ಹುಚ್ಚು ಹಿಡಿಸಲು ಬೇರೆ ಯಾರೂ ಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ಚೌತಿಗೆ ನಮ್ಮ ಮನೆಯ ಗಣಪತಿಯ ಮುಂದೆ ಬ್ಯಾಟರಿ ರೈಲೊಂದನ್ನು ಇಟ್ಟಿದ್ದೆ. ಜಾತ್ರೆಯಲ್ಲಿ ಕೊಂಡ ಅಗ್ಗದ ಸೆಟ್ಟು. ಪಕ್ಕದ ಮನೆಯ ಹುಡುಗ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತು ನೋಡಿ, "ಕಾಕಾ, ಇದು ಹುಬ್ಬಳ್ಳಿಗೆ ಹೊಕ್ಕೈತೇನ್ರಿ?" ಎಂದು ಕೇಳಿದ. ಗಾಡಿ ಥರ್ಮಾಕೋಲಿನ ಗುಡ್ಡ ಸುತ್ತಿ ಮತ್ತೆ ಗಣಪತಿಯ ಇಲಿಯ ಹತ್ತಿರಕ್ಕೇ ಬರುತ್ತಿತ್ತು. "ಹೊಕ್ಕೈತಿ" ಅಂದೆ. ಅವನು ನಂಬಲಿಲ್ಲ. ಆ ಗುಡ್ಡ ಅವನು ಕಂಡ ಘಾಟಿನ ಹಾಗಿರಲಿಲ್ಲ, ಅಲ್ಲಿ ಬೋಗದಾ ಇರಲಿಲ್ಲ, ಹಾಲಿನಂಥ ನೀರೂ ಇರಲಿಲ್ಲ. ಮಾದರಿ ರೈಲು ಎಂದರೆ ಅವನು ಕೇಳಿದ್ದಕ್ಕೆ ಹೌದು ಅನ್ನಿಸಿಕೊಳ್ಳುವಂಥದ್ದು ಎಂದು ಆಮೇಲೆ ಹೊಳೆಯಿತು. ಜರ್ಮನಿಯ ಹಿಮದೂರಿನ ಸೆಟ್ಟು ತರಿಸುವುದರಲ್ಲಿ ಅರ್ಥವಿಲ್ಲ. ಕಟ್ಟುವುದಾದರೆ ನಮ್ಮ ಹಳಿಯನ್ನೇ ಕಟ್ಟಬೇಕು.

ಈ ಹವ್ಯಾಸಕ್ಕೆ ಹೊರಗೆ ದೊಡ್ಡ ಇತಿಹಾಸವಿದೆ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಹುಟ್ಟಿದ ಮಾದರಿ ರೈಲು ಕ್ಲಬ್ಬಿನ ಹುಡುಗರು ಹಲಗೆಯ ಕೆಳಗಿನ ವೈರು, ರಿಲೇಗಳ ಜತೆ ಆಡುತ್ತ ಆಡುತ್ತ ಕಂಪ್ಯೂಟರಿಗೆ ಜಾರಿದರು; ಇವತ್ತು ಎಲ್ಲರ ಬಾಯಲ್ಲಿರುವ 'ಹ್ಯಾಕರ್' ಪದಕ್ಕೆ ಆ ಅರ್ಥ ಬಂದದ್ದು ಅವರ ನಡುವಿನಿಂದ. ಹ್ಯಾಂಬರ್ಗಿನಲ್ಲಿ ಅವಳಿ ಸಹೋದರರಿಬ್ಬರು 2001ರಲ್ಲಿ ತೆರೆದ ಮಿನಿಯೇಚರ್ ವಂಡರ್‌ಲ್ಯಾಂಡ್ ಈಗ ಊರಿನ ದೊಡ್ಡ ಆಕರ್ಷಣೆ. ಅಷ್ಟು ದೂರ ಹೋಗಬೇಕಾಗಿಲ್ಲ. ಬೆಳಗಾವಿ ಕಡೆ ದೀಪಾವಳಿಗೆ ಮಕ್ಕಳು ಮಣ್ಣಿನ ಕಿಲ್ಲೆ ಕಟ್ಟುತ್ತಾರೆ, ಮೈಸೂರಿನವರು ದಸರಾ ಗೊಂಬೆಯ ಮೆಟ್ಟಿಲ ಕೆಳಗೆ ಪಾರ್ಕು, ಕೆರೆ, ಝೂ ಮಾಡಿ ನಡುವೆ ಒಂದು ರೈಲು ಬಿಡುತ್ತಾರೆ, ಗೋವೆಯ ಕ್ರೈಸ್ತರು ಡಿಸೆಂಬರಿನಲ್ಲಿ ಗೋದಲಿ ಕಟ್ಟುತ್ತಾರೆ. ಗುಡ್ಡ ಮಾಡಿ, ನೀರು ಹರಿಸಿ, ಲೈಟು ಹಾಕಿ ಓಣಿಯವರನ್ನು ಕರೆದು ತೋರಿಸುವ ಚಾಳಿ ನಮಗೆ ಹೊಸದಲ್ಲ. ಅದಕ್ಕೆ ಸ್ವಲ್ಪ ಅಳತೆ, ಸ್ವಲ್ಪ ಶಿಸ್ತು ಸೇರಿದರೆ ರೈಲು ಕೂಟ.

ಯಾವ ಹಳಿ?

ಮಾರ್ಮುಗೋವಾ ಬಂದರಿನಿಂದ ಘಾಟಿಗೆ ಹಳಿ ಹಾಕಿದ್ದು ಪೋರ್ಚುಗೀಸರ ಕಾಲದಲ್ಲಿ, ಬ್ರಿಟಿಷರೊಂದಿಗೆ 1878ರಲ್ಲಿ ಆದ ಒಪ್ಪಂದದ ಫಲವಾಗಿ. ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂಬ ಕಂಪನಿ ಲಂಡನ್ನಿನಲ್ಲಿ ಹುಟ್ಟಿತು. 1887ರ ಜನವರಿಯಲ್ಲಿ ಗಾಡಿ ಸಾವರ್ಡೆಗೆ ಬಂತು; ಮರುವರ್ಷ, 1888ರ ಫೆಬ್ರವರಿಯಲ್ಲಿ, ಘಾಟು ಹತ್ತಿ ಕ್ಯಾಸಲ್‌ರಾಕ್ ಮುಟ್ಟಿತು. ಕ್ಯಾಸಲ್‌ರಾಕ್ ಇರುವುದು ನಮ್ಮ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿ. ಆಗ ಅದು ಎರಡು ಸರ್ಕಾರಗಳ ಗಡಿ ಸ್ಟೇಷನ್ನು. 1955ರಲ್ಲಿ ಗಡಿ ಮುಚ್ಚಿ ಗಾಡಿ ನಿಂತಿತು, 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದ ಮೇಲೆ ಮತ್ತೆ ಓಡಿತು. 1990ರ ದಶಕದಲ್ಲಿ ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕಿದರು. ಕುಳೆ, ಸೋನಾವಳಿ, ದೂಧಸಾಗರ, ಕರಂಜೋಳ, ಕ್ಯಾಸಲ್‌ರಾಕ್: ಈ ಐದು ಹೆಸರುಗಳ ನಡುವಿನ ಸುಮಾರು 26 ಕಿಲೋಮೀಟರೇ ಬ್ರಗಾಂಜಾ ಘಾಟು. ಏರು 37ಕ್ಕೆ 1; ಅಂದರೆ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಎತ್ತಿನ ಗಾಡಿಗೆ ಇದೊಂದು ಲೆಕ್ಕವಲ್ಲ, ರೈಲಿಗೆ ಜೀವ ಬಾಯಿಗೆ ಬರುವ ಏರು. ಅದಕ್ಕೇ ಕುಳೆಯಲ್ಲಿ ಗಾಡಿ ನಿಲ್ಲಿಸಿ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ನು ಹಚ್ಚುವುದು. ಇಳಿಯುವಾಗ ಕ್ಯಾಸಲ್‌ರಾಕಿನಲ್ಲಿ ಬ್ರೇಕು ಪರೀಕ್ಷಿಸದೆ ಬಿಡುವುದಿಲ್ಲ. ಕಿಟಕಿಯ ಪಕ್ಕ ಕೂತವರಿಗೆ ಆ ಇಳಿಜಾರಿನಲ್ಲಿ ಬ್ರೇಕಿನ ಸುಟ್ಟ ವಾಸನೆ ಗೊತ್ತು.

ಇಷ್ಟೆಲ್ಲ ಒಂದೇ ಹಳಿಯಲ್ಲಿರುವಾಗ ಮಾದರಿ ಮಾಡುವವರಿಗೆ ಇನ್ನೇನು ಬೇಕು? ಒಂದೇ ತೊಡಕು, ಅಳತೆ.

ಸೆಂಟಿಮೀಟರಿಗೊಂದು ಮೀಟರು

ಅಂಗಡಿಯಲ್ಲಿ ಸಿಗುವ ಮಾದರಿ ರೈಲುಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಎಚ್‌ಒ. ನಿಜದ 87ರಲ್ಲಿ ಒಂದು ಪಾಲು ಗಾತ್ರ, ಹಳಿಗಳ ನಡುವೆ 16.5 ಮಿಲಿಮೀಟರ್. ಅದಕ್ಕಿಂತ ಚಿಕ್ಕದು ಎನ್; 160ರಲ್ಲಿ ಒಂದು ಪಾಲು, 9 ಮಿಲಿಮೀಟರ್ ಹಳಿ. ಇವೆಲ್ಲ ಯುರೋಪ್, ಅಮೆರಿಕದ 1435 ಮಿಲಿಮೀಟರ್ ಹಳಿಗೆ ಹೊಂದಿಸಿ ಮಾಡಿದ ಲೆಕ್ಕ. ನಮ್ಮ ಬ್ರಾಡ್‌ಗೇಜು 1676. ಎಚ್‌ಒ ಹಳಿಯ ಮೇಲೆ 87ರ ಲೆಕ್ಕದ ಭಾರತೀಯ ಡಬ್ಬಿ ನಿಲ್ಲಿಸಿದರೆ ದೊಡ್ಡ ಮನುಷ್ಯ ಬಿಗಿ ಚಪ್ಪಲಿ ಹಾಕಿಕೊಂಡ ಹಾಗೆ ಕಾಣುತ್ತದೆ. ಇದಕ್ಕಾಗಿ ಹಠಹಿಡಿದು ಹಳಿಯನ್ನೇ 19 ಮಿಲಿಮೀಟರಿಗೆ ಕೈಯಿಂದ ಹಾಸುವವರಿದ್ದಾರೆ. ಅಷ್ಟು ತಾಳ್ಮೆ ಹೊಸ ಕೂಟದಿಂದ ನಿರೀಕ್ಷಿಸಬೇಡಿ.

ಒಂದು ಸುಲಭದ ದಾರಿಯಿದೆ. 1676ನ್ನು 16.5ರಿಂದ ಭಾಗಿಸಿ ನೋಡಿ. ಹೆಚ್ಚುಕಡಿಮೆ 101.6 ಬರುತ್ತದೆ. ಅಂದರೆ ನೂರರಲ್ಲಿ ಒಂದು ಪಾಲಿನ ಲೆಕ್ಕ ಹಿಡಿದರೆ ಅಂಗಡಿಯ ಎಚ್‌ಒ ಹಳಿಯೇ ನಮ್ಮ ಬ್ರಾಡ್‌ಗೇಜು! ಹಳೆಯ ಮೀಟರ್‌ಗೇಜ್ ಕಾಲ ಕಟ್ಟುವ ಆಸೆಯಿದ್ದರೆ ಅದೇ ಲೆಕ್ಕಕ್ಕೆ 10 ಮಿಲಿಮೀಟರ್ ಹಳಿ ಬೇಕು. ಎನ್ ಹಳಿಯ 9 ಮಿಲಿಮೀಟರ್ ಕಣ್ಣಿಗೆ ಸಾಕಷ್ಟು ಹತ್ತಿರ. ಒಂದೇ ಹಲಗೆಯ ಮೇಲೆ ಎರಡೂ ಕಾಲದ ಗಾಡಿ ನಿಲ್ಲುತ್ತವೆ.

ಇದರ ಇನ್ನೊಂದು ಲಾಭ ದೊಡ್ಡದು. ನೂರರ ಲೆಕ್ಕವೆಂದರೆ ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಐದನೆಯ ತರಗತಿಯ ಹುಡುಗಿಯೂ ಸ್ಕೇಲು ಹಿಡಿದು ಡಬ್ಬಿ ಮಾಡಬಲ್ಲಳು. ಹಳೆಯ ನೀಲಿ ಐಸಿಎಫ್ ಡಬ್ಬಿಯ ಉದ್ದ 21.3 ಮೀಟರು, ರಟ್ಟಿನ ಮೇಲೆ 21.3 ಸೆಂಟಿಮೀಟರ್ ಗೆರೆ ಎಳೆದರೆ ಮುಗಿಯಿತು. ಕಟ್ಟಡ ವಿನ್ಯಾಸ ಓದುವ ವಿದ್ಯಾರ್ಥಿಗಳು ಬಳಸುವ ಚಿಕ್ಕ ಗಿಡ, ಮನುಷ್ಯರ ಬೊಂಬೆಗಳೂ ಹೆಚ್ಚಾಗಿ ಇದೇ ಅಳತೆಯಲ್ಲಿ ಸಿಗುತ್ತವೆ.

ಲೆಕ್ಕ ಸಿಕ್ಕ ಖುಷಿಯಲ್ಲಿ ಎಲ್ಲವನ್ನೂ ಅಳತೆಗೆ ಸರಿಯಾಗಿ ಮಾಡಲು ಹೊರಟರೆ ಕೆಟ್ಟಿರಿ. ದೂಧಸಾಗರ ಜಲಪಾತದ ಎತ್ತರ 310 ಮೀಟರ್. ನೂರರ ಲೆಕ್ಕದಲ್ಲಿ 3.1 ಮೀಟರು, ಅಂದರೆ ಹತ್ತಡಿಗೂ ಮಿಕ್ಕಿ. ಬಾಯ್ನಾದ ಖೋಲಿಯ ಸ್ಲ್ಯಾಬಿಗೆ ತೂತು ಹೊಡೆಯಬೇಕಾಗುತ್ತದೆ. ಹುಬ್ಬಳ್ಳಿ ಸಿದ್ಧಾರೂಢ ಸ್ಟೇಷನ್ನಿನ ಜಗತ್ಪ್ರಸಿದ್ಧ 1507 ಮೀಟರಿನ ಪ್ಲಾಟ್‌ಫಾರ್ಮು 15 ಮೀಟರ್ ಆಗುತ್ತದೆ, ಇಡೀ ಚಾಳಿನ ಜಗಲಿಯನ್ನು ಅದೇ ನುಂಗುತ್ತದೆ. ಘಾಟಿನ 26 ಕಿಲೋಮೀಟರು? 260 ಮೀಟರ್, ಬಾಯ್ನಾ ಬೀಚಿನ ಮೇಲೆಯೇ ಹಾಸಬೇಕು. ಆದ್ದರಿಂದ ಗಾಡಿ, ಬಾಗಿಲು, ಮನುಷ್ಯ ಇವು ಅಳತೆಗೆ ಕರಾರುವಾಕ್ಕಾಗಿರಲಿ. ಗುಡ್ಡ, ನೀರು, ದೂರ ಇವನ್ನು ಸಂಕೋಚವಿಲ್ಲದೆ ಕುಗ್ಗಿಸಿ. ಜಲಪಾತಕ್ಕೆ 70 ಸೆಂಟಿಮೀಟರ್ ಸಾಕು. ಅದರ ಮಡಿಲಲ್ಲಿ ಕಮಾನಿನ ಸೇತುವೆ, ಸೇತುವೆಯ ಮೇಲೆ ಮೂರು ಡಬ್ಬಿ ಇದ್ದರೆ ಯಾರಾದರೂ ಹೆಸರು ಹೇಳಿಬಿಡುತ್ತಾರೆ.

ಎಂಟು ಮನೆ, ಎಂಟು ಹಲಗೆ

ಬೆಂಗಳೂರಿನವರಿಗೆ ಲೇಔಟ್ ಎಂದರೆ ಸೈಟು. ಈ ಹವ್ಯಾಸದವರಿಗೆ ಹಳಿ ಹಾಸಿದ ಹಲಗೆ. ಎರಡಕ್ಕೂ ಜಾಗದ್ದೇ ಜಗಳ. ನಮ್ಮ ಮನೆಗಳಲ್ಲಿ ಮಂಚ ಹಾಕಿದರೆ ಟೇಬಲ್ಲಿಗೆ ಜಾಗವಿಲ್ಲ, ಇನ್ನು ರೈಲಿಗೆಲ್ಲಿ? ಅದಕ್ಕೆ ಲೋಕದ ಕ್ಲಬ್ಬುಗಳೆಲ್ಲ ಕಂಡುಕೊಂಡ ಉಪಾಯ ಹಂಚಿಕೊಳ್ಳುವುದು: ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ತುಂಡು, ಕೂಡಿದಾಗ ಒಂದು ಊರು. ಎನ್ ಅಳತೆಯಲ್ಲಿ ಟಿ-ಟ್ರ್ಯಾಕ್ ಎಂಬ ಪದ್ಧತಿಯಿದೆ, ಒಂದು ತುಂಡು ಬರೀ 308 ಮಿಲಿಮೀಟರ್ ಅಗಲ. ಚೆಂದದ ಪದ್ಧತಿ, ಆದರೆ ಜಪಾನಿನ ಹಳಿಯನ್ನೇ ತರಿಸಬೇಕು, ಜೇಬಿಗೆ ಭಾರ.

ನೂರರ ಲೆಕ್ಕಕ್ಕೆ ನಾನು ಹೇಳುವ ಅಳತೆ ಹೀಗೆ. ನೇರ ಹಲಗೆ 60 ಸೆಂಟಿಮೀಟರ್ ಉದ್ದ, 30 ಅಗಲ, ಅಂಥವು ನಾಲ್ಕು. ಮೂಲೆಯ ಹಲಗೆ 55 ಸೆಂಟಿಮೀಟರ್ ಚೌಕ, ಅವೂ ನಾಲ್ಕು. ಮೂಲೆಯಲ್ಲಿ ಹಳಿಯ ತಿರುವು 438 ಮಿಲಿಮೀಟರ್ ತ್ರಿಜ್ಯದ್ದು. ಇದು ಅಂಗಡಿಯಲ್ಲಿ ಎರಡನೆಯ ತ್ರಿಜ್ಯವೆಂದು ಸಿಗುವ ತಯಾರಿ ಹಳಿ, ಇದಕ್ಕಿಂತ ಬಿಗಿಯಾದರೆ ಉದ್ದದ ಡಬ್ಬಿ ಹಳಿ ತಪ್ಪುತ್ತದೆ. ಎಂಟನ್ನೂ ಜೋಡಿಸಿದರೆ 2.3 ಮೀಟರ್ ಉದ್ದ, 1.1 ಮೀಟರ್ ಅಗಲದ ಚೌಕಟ್ಟು, ನಡುವೆ ಒಬ್ಬರು ನಿಂತು ಗಾಡಿ ಓಡಿಸುವಷ್ಟು ಖಾಲಿ. ಗಣಪತಿ ಮಂಟಪದ ಬದಿಗೆ, ಸಂಘದ ಖೋಲಿಗೆ, ಶಾಲೆಯ ವರಾಂಡಕ್ಕೆ ಹೊಂದುತ್ತದೆ. ಕೆಲಸ ಮುಗಿದ ಮೇಲೆ ಪ್ರತಿ ಹಲಗೆ ಅವರವರ ಮಂಚದ ಕೆಳಗೆ.

ಹಲಗೆಯ ಮೇಲೆ ಯಾರು ಏನು ಬೇಕಾದರೂ ಮಾಡಲಿ, ಅಂಚಿನಲ್ಲಿ ಮಾತ್ರ ಯಾರ ಸ್ವಾತಂತ್ರ್ಯವೂ ನಡೆಯದು. ಹಳಿಯ ನಡುಗೆರೆ ಮುಂದಿನ ಅಂಚಿನಿಂದ 10 ಸೆಂಟಿಮೀಟರಿಗೇ ಬರಬೇಕು. ಹಲಗೆಯ ಎತ್ತರ ಒಂದೇ ಇರಬೇಕು. ಕೆಳಗೆ ನಾಲ್ಕು ಬೋಲ್ಟ್ ತಿರುಗಿಸಿಟ್ಟರೆ ನೆಲದ ಏರುತಗ್ಗು ಸರಿಪಡಿಸಬಹುದು. ನೇರ ಹಲಗೆಯ ಎರಡೂ ತುದಿಯ ಒಂದು ಗೇಣು ಹಳಿ ನೇರವಾಗಿ, ಸಪಾಟಾಗಿ ಇರಬೇಕು. ಮುಂದಿನ ಹಳಿಗೆ ಕೆಂಪು ವೈರು, ಹಿಂದಿನದಕ್ಕೆ ಕಪ್ಪು. ಈ ನಾಲ್ಕು ಮಾತನ್ನು ಒಂದು ರಟ್ಟಿಗೆ ಬರೆದು ಎಲ್ಲರ ಸಹಿ ಹಾಕಿಸಿಕೊಳ್ಳಿ. ನಗಬೇಡಿ, ಕೂಟಗಳು ಮುರಿಯುವುದು ದುಡ್ಡಿನಿಂದಲ್ಲ, ಎರಡು ಮಿಲಿಮೀಟರಿನಿಂದ.

ಏರಿನ ವಿಚಾರ. ಕಾಯಂ ಜಾಗವಿದ್ದವರು ಬ್ರಗಾಂಜಾದ ಏರನ್ನೇ ಕಟ್ಟಬಹುದು. 438 ಮಿಲಿಮೀಟರ್ ತ್ರಿಜ್ಯದ ಪೂರ್ತಿ ಸುತ್ತು 2.75 ಮೀಟರ್ ಉದ್ದ. 37ಕ್ಕೆ 1ರಂತೆ ಹತ್ತಿದರೆ ಒಂದು ಸುತ್ತಿಗೆ ಗಾಡಿ 74 ಮಿಲಿಮೀಟರ್ ಮೇಲಕ್ಕೆ ಬರುತ್ತದೆ, ತನ್ನದೇ ಹಳಿಯ ಮೇಲೆ ಸೇತುವೆ ದಾಟಲು ಅಷ್ಟು ಸಾಕು. ಆದರೆ ಬಿಡಿ ಹಲಗೆಯ ಕೂಟ ಈ ಗೋಜಿಗೆ ಹೋಗಬಾರದು. ತಿರುವಿನಲ್ಲಿ ಏರು ಕೊಟ್ಟರೆ ಚಿಕ್ಕ ಎಂಜಿನ್ನಿನ ಚಕ್ರ ನಿಂತಲ್ಲೇ ಜಾರುತ್ತದೆ, ಬ್ಯಾಂಕರ್ ಬೇಕಾಗುತ್ತದೆ. ಎರಡು ಎಂಜಿನ್ನು ಒಂದೇ ಲಯದಲ್ಲಿ ಓಡಿಸುವುದು ಮೂರನೆಯ ವರ್ಷದ ಪಾಠ. ಹಳಿಯನ್ನು ಸಪಾಟಾಗಿಯೇ ಬಿಡಿ, ನೆಲವನ್ನು ಇಳಿಸಿ. ಹಳಿಯ ಮುಂದೆ ಕಣಿವೆ, ಹಿಂದೆ ಗುಡ್ಡ ಬಂದರೆ ಕಣ್ಣು ತಾನೇ ಏರನ್ನು ಕಲ್ಪಿಸಿಕೊಳ್ಳುತ್ತದೆ.

ಮರಳು, ಉಪ್ಪು, ಫೆವಿಕಾಲು

ಇಲ್ಲಿ ನಾನು ಮಾಡಿದ ದಡ್ಡತನ ಹೇಳಲೇಬೇಕು. ಹಳಿಯ ಕೆಳಗೆ ಖಡಿ ಬೇಕಲ್ಲ, ಮನೆಯೆದುರು ಬೀಚೇ ಇದೆಯಲ್ಲ ಎಂದು ಒಂದು ಡಬ್ಬಿ ಮರಳು ತಂದು ಜರಡಿ ಹಿಡಿದು ಅಂಟಿಸಿದೆ. ನೋಡಲು ಚೆಂದವಾಗಿತ್ತು. ಎರಡನೆಯ ವಾರಕ್ಕೆ ಎಂಜಿನ್ನು ಕೆಮ್ಮತೊಡಗಿತು, ಮೂರನೆಯ ವಾರ ನಿಂತೇಬಿಟ್ಟಿತು. ಬಿಚ್ಚಿ ನೋಡಿದರೆ ಮೋಟರಿನ ಅಯಸ್ಕಾಂತಕ್ಕೆ ಕಪ್ಪು ಕಣಗಳು ಗಡ್ಡದ ಹಾಗೆ ಅಂಟಿಕೊಂಡಿದ್ದವು. ಸಮುದ್ರದ ಮರಳಿನಲ್ಲಿ ಕಬ್ಬಿಣದಂಶದ ಕರಿಮರಳು ಇದ್ದೇ ಇರುತ್ತದೆ. ಜತೆಗೆ ಉಪ್ಪು, ಹಳಿಯ ಕೀಲುಗಳಲ್ಲಿ ಹಸಿರು ಕಿಲುಬು. ಗೌಂಡಿ ಕೆಲಸದವರು ಬಿಟ್ಟುಹೋದ ಕಲ್ಲುಪುಡಿಯನ್ನು ತೊಳೆದು ಒಣಗಿಸಿ, ಚಹದ ಸೋಸಣಿಗೆಯಲ್ಲಿ ಜರಡಿ ಹಿಡಿದು, ಅದರೊಳಗೆ ಒಂದು ಅಯಸ್ಕಾಂತ ಆಡಿಸಿ, ಆಮೇಲೆ ಬಳಸಿ. ನೀರು ಬೆರೆಸಿದ ಫೆವಿಕಾಲನ್ನು ಸಿರಿಂಜಿನಿಂದ ತೊಟ್ಟು ತೊಟ್ಟಾಗಿ ಬಿಟ್ಟರೆ ಖಡಿ ಕದಲದೆ ಕೂರುತ್ತದೆ.

ಹಳಿ ಕೊಳ್ಳುವಾಗ ಉಕ್ಕಿನದು ಬೇಡ, ಇಲ್ಲಿಯ ಗಾಳಿಗೆ ಮೊದಲ ಮಳೆಗಾಲದಲ್ಲೇ ತುಕ್ಕು. ನಿಕ್ಕಲ್ ಸಿಲ್ವರ್ ಎಂದು ಕೇಳಿ ಕೊಳ್ಳಿ. ಅದೂ ಕಪ್ಪಾಗುತ್ತದೆ, ಆದರೆ ಒರೆಸಿದರೆ ಹೋಗುತ್ತದೆ. ಔಷಧ ಅಂಗಡಿಯ ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಬಿಳಿ ಬಟ್ಟೆ ಅದ್ದಿ, ಬೆರಳಿಗೆ ಸುತ್ತಿ ಹಳಿಯ ನೆತ್ತಿಯ ಮೇಲೆ ಎಳೆಯಿರಿ. ಬಟ್ಟೆಯ ಮೇಲೆ ಕಾಡಿಗೆಯಂಥ ಎರಡು ಗೆರೆ ಬರುತ್ತವೆ. ಗೆರೆ ಬೂದಿ ಬಣ್ಣಕ್ಕೆ ತಿರುಗುವವರೆಗೆ ಬಟ್ಟೆ ಬದಲಿಸುತ್ತ ಒರೆಸಿ. ಬಂದರಿನ ಊರಲ್ಲಿ ಗಾಳಿಯ ಜತೆ ಕರಿಧೂಳು ಕೂಡ ಬರುತ್ತದೆ, ಹಾಗಾಗಿ ಪ್ರದರ್ಶನದ ದಿನ ಎರಡು ತಾಸಿಗೊಮ್ಮೆ ಈ ಕೆಲಸ ತಪ್ಪದು. ಅವಸರಕ್ಕೆ ಸ್ಯಾಂಡ್‌ಪೇಪರ್ ಹಚ್ಚಿದರೆ ಗೀರುಗಳೊಳಗೆ ಧೂಳು ಕೂತು ಮರುದಿನ ಇನ್ನಷ್ಟು ತೊಂದರೆ. ಪ್ಲೈವುಡ್ಡಿಗೆ ಎರಡೂ ಮಗ್ಗುಲು, ನಾಲ್ಕೂ ಅಂಚು ಬಣ್ಣ ಹಚ್ಚಿ. ಮೇಲ್ಭಾಗಕ್ಕೆ ಮಾತ್ರ ಹಚ್ಚಿದ ಹಲಗೆ ಜುಲೈಯಲ್ಲಿ ಹಪ್ಪಳದಂತೆ ಬಾಗುತ್ತದೆ.

ಜಲಪಾತಕ್ಕೆ ಹತ್ತಿ ಅಂಟಿಸುವ ಆಸೆಯನ್ನು ತಡೆದುಕೊಳ್ಳಿ. ನೀರಲ್ಲ, ಅಜ್ಜನ ಗಡ್ಡ ಕಾಣುತ್ತದೆ. ಬಚ್ಚಲಮನೆಯ ಸಂದಿ ಮುಚ್ಚುವ ಪಾರದರ್ಶಕ ಸಿಲಿಕೋನ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಅದನ್ನು ಉದ್ದಕ್ಕೆ ಹಿಂಡಿ, ಹಳೆಯ ಬಾಚಣಿಗೆಯಿಂದ ಮೇಲಿನಿಂದ ಕೆಳಕ್ಕೆ ಒಂದೇ ಎಳೆತ ಎಳೆಯಿರಿ. ಒಂದು ದಿನ ಒಣಗಿದ ಮೇಲೆ ಸುಲಿದರೆ ನೀರಿನ ಪರದೆ ಕೈಗೆ ಬರುತ್ತದೆ. ಒಣಬ್ರಷ್ಷಿನಿಂದ ಬಿಳಿ ಬಣ್ಣ ತಾಗಿಸಿ ಬಂಡೆಗೆ ಅಂಟಿಸಿ. ಬಂಡೆ ಥರ್ಮಾಕೋಲಿನದೇ ಇರಲಿ, ಆದರೆ ಕೆತ್ತಿ, ಮೇಲೆ ಫೆವಿಕಾಲಿನಲ್ಲಿ ನೆನೆದ ಟಿಶ್ಯೂ ಕಾಗದ ಹೊದೆಸಿ, ಕಪ್ಪು-ಕಂದು ಬಳಿಯಿರಿ. ಕಾಡಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನ ಚೂರು, ಬಣ್ಣ ಹಾಕಿದ ಕಟ್ಟಿಗೆ ಹೊಟ್ಟು. ಸಾವರ್ಡೆಯ ಕೆಳಗಿನ ಗದ್ದೆಗೆ ಮಾತ್ರ ನನ್ನ ಹೆಂಡತಿಯ ಉಪಾಯವೇ ಮೇಲು: ಪ್ರದರ್ಶನಕ್ಕೆ ಐದಾರು ದಿನ ಮೊದಲು ಒಂದು ತಗಡಿನ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಬಿತ್ತುವುದು. ಮೈಸೂರು ಕಡೆಯ ಗೊಂಬೆ ಪಾರ್ಕಿನವರು ಮಾಡುವುದೂ ಇದನ್ನೇ. ತಟ್ಟೆ ಹಳಿಯಿಂದ ದೂರವಿರಲಿ, ನೀರು ಹಾಕುವಾಗ ಕರೆಂಟು ಬಂದ್ ಇರಲಿ.

ಹಳಿಗೆ ಹೋಗುವುದು 12 ವೋಲ್ಟಿನ ಡಿಸಿ ಕರೆಂಟು. ಮುಟ್ಟಿದರೆ ಏನೂ ಆಗದು. ಅಪಾಯವಿರುವುದು ಅಡಾಪ್ಟರ್ ಸಿಕ್ಕಿಸುವ ಗೋಡೆಯ ಪ್ಲಗ್ಗಿನಲ್ಲಿ, ಅದರಲ್ಲೂ ಮಳೆಗಾಲದ ಮಂಟಪದಲ್ಲಿ. 230 ವೋಲ್ಟಿನ ವೈರು ಹಲಗೆಯ ಮೇಲೆ ಬರಲೇಬಾರದು. ಬೋರ್ಡು ಎಲೆಕ್ಟ್ರಿಷಿಯನ್ನಿನ ಕೈಲೇ ಹಾಕಿಸಿ, ನೆಲದಿಂದ ಎದೆಮಟ್ಟಕ್ಕೆ.

ಮೊದಲು ಹೋಗಿ ನೋಡಿ

ಕಟ್ಟುವ ಮೊದಲು ಕಣ್ಣು ಪಳಗಬೇಕು. ಹುಬ್ಬಳ್ಳಿಗೆ ಹೋದಾಗ ಗದಗ ರಸ್ತೆ ಕಡೆಯ ರೈಲ್ವೆ ಮ್ಯೂಸಿಯಮ್ಮಿಗೆ ಅರ್ಧ ದಿನ ಕೊಡಿ. 2020ರ ಆಗಸ್ಟ್‌ನಲ್ಲಿ ತೆರೆದದ್ದು. ಹಳೆಯ ರೈಲ್ವೆ ಮನೆಗಳೆರಡಕ್ಕೆ ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟು ಸಾಮಾನು ಜೋಡಿಸಿದ್ದಾರೆ. ಹೊರಗೆ ಹಳೆಯ ಎಂಜಿನ್ನುಗಳಿವೆ, ಮಕ್ಕಳಿಗೆ ಆಟದ ರೈಲಿದೆ. ಟೋಕನ್, ಕೈಮರ, ದೀಪಗಳ ಫೋಟೊ ತೆಗೆದುಕೊಳ್ಳಿ, ಪಕ್ಕದಲ್ಲಿ ಸ್ಕೇಲು ಹಿಡಿದು. 1979ರ ಮೈಸೂರು ಮ್ಯೂಸಿಯಮ್ಮಿನಲ್ಲಿ ಮಹಾರಾಣಿಯವರ ಸಲೂನು ಡಬ್ಬಿಯಿದೆ. ಮರಗೆಲಸ ಕಲಿಯಬೇಕೆನ್ನುವವರು ಅದನ್ನು ನೋಡಬೇಕು.

ಆದರೆ ಚಲಿಸುವ ಮಾದರಿ ನೋಡಬೇಕೆಂದರೆ ಪುಣೆಗೆ ಹೋಗಿ. ಕೊಥ್ರೂಡಿನಲ್ಲಿ ಭಾವುಸಾಹೇಬ ಜೋಶಿಯವರು ಜೀವಮಾನವಿಡೀ ಕಟ್ಟಿ 1998ರಲ್ಲಿ ತೆರೆದ ಮಿನಿಯೇಚರ್ ರೈಲ್ವೆ ಮ್ಯೂಸಿಯಮ್ ಎಚ್‌ಒ ಅಳತೆಯದು. ಅರ್ಧ ತಾಸಿನೊಳಗಿನ ಪ್ರದರ್ಶನ. ಹಗಲು ಇರುಳಾಗುತ್ತದೆ, ಊರಿನ ದೀಪ ಹತ್ತುತ್ತವೆ, ಸಿಗ್ನಲ್ಲಿಗೆ ತಕ್ಕಂತೆ ಗಾಡಿಗಳು ನಿಂತು ಹೊರಡುತ್ತವೆ. ಅಲ್ಲಿ ಗಾಡಿಗಿಂತ ಹೆಚ್ಚು ಗಮನಿಸಬೇಕಾದದ್ದು ಪ್ರೇಕ್ಷಕರ ಸಾಲು, ಬೆಳಕು, ಮಾತು ಇವುಗಳ ಏರ್ಪಾಡು. ವಾಸ್ಕೋದಿಂದ ನಿಜಾಮುದ್ದೀನಿಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ ಘಾಟು ಹತ್ತಿ, ಬೆಳಗಾವಿ ದಾಟಿ ಪುಣೆಗೇ ಒಯ್ಯುತ್ತದೆ. ಮ್ಯೂಸಿಯಮ್ಮುಗಳಿಗೆ ವಾರದ ರಜೆ ಇರುತ್ತದೆ, ಹೊರಡುವ ಮುನ್ನ ವಿಚಾರಿಸಿ.

ಅಸಲು ಪಾಠಶಾಲೆ ಘಾಟೇ. ಮಳೆಗಾಲದಲ್ಲಿ ಕಿಟಕಿಯಿಂದ ನೋಡಿ, ಬರೆದುಕೊಳ್ಳಿ. ಇಳಿದು ಹಳಿಯ ಮೇಲೆ ನಡೆಯುವುದು ಬೇಡ. ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳ ಸಜೆ ಅಥವಾ 1000 ರೂಪಾಯಿವರೆಗೆ ದಂಡವಿದೆ, ಅದಕ್ಕಿಂತ ದೊಡ್ಡದಾಗಿ ಬೋಗದಾದೊಳಗೆ ಸರಿದು ನಿಲ್ಲಲು ಜಾಗವಿರುವುದಿಲ್ಲ. ವಾಸ್ಕೋ ಸುತ್ತಮುತ್ತ ನೌಕಾದಳ, ಬಂದರು ಎರಡೂ ಇರುವುದರಿಂದ ಕ್ಯಾಮೆರಾ ತೆಗೆಯುವ ಮೊದಲು ಕೇಳಿ.

ತೋರಿಸುವ ದಿನಗಳು

ಕೂಟಕ್ಕೆ ವರ್ಷದ ಪಂಚಾಂಗವೊಂದು ಬೇಕು, ಇಲ್ಲದಿದ್ದರೆ ಹಲಗೆಗಳು ಮಂಚದ ಕೆಳಗೇ ಉಳಿಯುತ್ತವೆ. ಮೇ ರಜೆಯಲ್ಲಿ ಹಲಗೆ ಕೊಯ್ದು ಬಣ್ಣ ಹಚ್ಚಿ. ಜೂನ್, ಜುಲೈಯಲ್ಲಿ ಅಂಟು ಬೇಗ ಒಣಗದು. ವೈರಿಂಗು, ರಟ್ಟಿನ ಡಬ್ಬಿಗಳ ಕೆಲಸ ಹಿಡಿಯಿರಿ. ನಾಗರಪಂಚಮಿಯ ಮರುದಿನ ಶುರುವಾಗುವ ವಾಸ್ಕೋ ದಾಮೋದರ ಸಪ್ತಾಹದಲ್ಲಿ ಊರೆಲ್ಲ ಜನ, ಆದರೆ ಆ ನೂಕುನುಗ್ಗಲಿನಲ್ಲಿ, ಮಳೆಯಲ್ಲಿ ಹಲಗೆ ತರಬೇಡಿ. ಜಾತ್ರೆಯ ಅಂಗಡಿಗಳಲ್ಲಿ ಸಿಗುವ ಆಟಿಕೆಗಳ ಮೇಲೆ ಕಣ್ಣಿಡಿ, ಗಾಲಿ, ಮೋಟರು ಅಗ್ಗಕ್ಕೆ ಸಿಕ್ಕೀತು.

ಮೊದಲ ಪ್ರದರ್ಶನ ಚೌತಿಗಾದರೆ ಒಳ್ಳೆಯದು ಅನ್ನಿಸುತ್ತದೆ, ಅಲ್ಲೇ ಒಂದು ಗಂಟಿದೆ: ನಮ್ಮವರು ಅರ್ಧಕ್ಕರ್ಧ ಊರಿಗೆ ಹೋಗಿರುತ್ತಾರೆ. ಆದ್ದರಿಂದ ಚೌತಿಯ ದಿನ ಬಿಟ್ಟು, ಸಾರ್ವಜನಿಕ ಗಣಪತಿ ಇರುವಷ್ಟು ದಿನಗಳಲ್ಲಿ ಕೊನೆಯ ಎರಡು ಸಂಜೆ ಹಿಡಿಯಿರಿ. ದೀಪಾವಳಿಗೆ ಬೆಳಗಾವಿ ಕಡೆಯವರ ಕಿಲ್ಲೆಯ ಕೆಳಗೆ ಬೋಗದಾ ಕೊರೆದು ಗಾಡಿ ಬಿಡಬಹುದು; ಕ್ಯಾಸಲ್‌ರಾಕ್ ಎಂಬ ಹೆಸರಿಗೂ ಅದು ಒಪ್ಪುತ್ತದೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಕನ್ನಡ ಸಂಘಗಳವರು ಹೇಗೂ ಸಭೆ ಸೇರುತ್ತಾರೆ. ಭಾಷಣ ಮುಗಿಯುವವರೆಗೆ ಮಕ್ಕಳನ್ನು ಹಿಡಿದು ಕೂರಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಡಿಸೆಂಬರ್ 19 ಗೋವೆಯ ವಿಮೋಚನಾ ದಿನ, ಹಳಿ ಮತ್ತೆ ಕೂಡಿದ ಕಥೆ ಹೇಳಲು ತಕ್ಕ ದಿನ. ಆ ವಾರವೇ ನೆರೆಯ ಗೋದಲಿಗಳ ಜತೆ ಕೈಜೋಡಿಸಿ. ಫೆಬ್ರವರಿ ಮೊದಲ ವಾರ ಘಾಟಿನ ಹಳಿಯ ಹುಟ್ಟುಹಬ್ಬ. ಏಪ್ರಿಲ್ 16 ದೇಶದ ಮೊದಲ ಪ್ರಯಾಣಿಕ ಗಾಡಿ 1853ರಲ್ಲಿ ಬೋರಿಬಂದರದಿಂದ ಠಾಣೆಗೆ ಹೊರಟ ದಿನ. ಬಾಯ್ನಾದಲ್ಲೇ ರವೀಂದ್ರ ಭವನವಿದೆ. ಕೂಟದ ಹೆಸರಿನಲ್ಲಿ ಮೊದಲೇ ಅರ್ಜಿ ಬರೆದು ವಿಚಾರಿಸಬಹುದು. ಸಿಗದಿದ್ದರೆ ಶಾಲೆಯ ವರಾಂಡ.

ತೋರಿಸುವ ದಿನ ಒಂದೇ ಒಂದು ಕಟ್ಟಳೆ ಪಾಲಿಸಿ: ನಿಧಾನ. ಹುಡುಗರ ಕೈಗೆ ಕಂಟ್ರೋಲರ್ ಕೊಟ್ಟರೆ ಘಾಟಿನ ಗಾಡಿ ರಾಕೆಟ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗವೆಂದರೆ ನೂರರ ಲೆಕ್ಕದಲ್ಲಿ ಸೆಕೆಂಡಿಗೆ 8.3 ಸೆಂಟಿಮೀಟರ್. ಒಂದು ನೇರ ಹಲಗೆ ದಾಟಲು ಏಳು ಸೆಕೆಂಡು, ಎಂಟು ಹಲಗೆಯ ಪೂರ್ತಿ ಸುತ್ತಿಗೆ ಒಂದು ನಿಮಿಷ. ಗೋಡೆ ಗಡಿಯಾರ ಎದುರಿಗಿಟ್ಟು ಅಭ್ಯಾಸ ಮಾಡಿಸಿ. ಒಬ್ಬರು ಓಡಿಸಲಿ, ಒಬ್ಬರು ಕುಳೆಯ ಸ್ಟೇಷನ್ ಮಾಸ್ತರರಾಗಿ ಹಸಿರು ಬಾವುಟ ತೋರಿಸಲಿ, ಇನ್ನೊಬ್ಬರು ಬಂದವರಿಗೆ ಊರುಗಳ ಹೆಸರು ಹೇಳಲಿ: ಕನ್ನಡದಲ್ಲಿ, ಕೊಂಕಣಿಯಲ್ಲಿ, ಹಿಂದಿಯಲ್ಲಿ. ಹಲಗೆಯ ಎತ್ತರ ಆರು ವರ್ಷದ ಮಗುವಿನ ಕಣ್ಣಿಗೆ ನಿಲುಕುವಂತಿರಲಿ, ಬೆರಳಿಗೆ ನಿಲುಕದಂತೆ ಮುಂದೆ ಒಂದು ಹಗ್ಗ.

ಖರ್ಚಿನ ಮಾತು ಕೊನೆಗೆ. ವಿದೇಶಿ ಕಂಪನಿಯ ಸೆಟ್ಟು ಹತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ಕೂಟಕ್ಕೆ ಅಂಥದ್ದು ಒಂದೇ ಸಾಕು: ಅದರ ಎಂಜಿನ್ನು, ಕಂಟ್ರೋಲರು, ಹಳಿ. ಮೇಲಿನ ಚಿಪ್ಪು ತೆಗೆದು ನಮ್ಮ ಎಂಜಿನ್ನಿನ ಆಕಾರವನ್ನು ರಟ್ಟಿನಲ್ಲಿ ಮಾಡಿ ಕೂರಿಸಿ. ಎಂಟು ಮನೆಯವರು ತಿಂಗಳಿಗಿಷ್ಟೆಂದು ಚೀಟಿ ಹಾಕಿದರೆ ಒಂದು ಚೌತಿಯಿಂದ ಮುಂದಿನ ಚೌತಿಯೊಳಗೆ ಬರುತ್ತದೆ. ಉಳಿದದ್ದೆಲ್ಲ ಬಡಗಿಯ ಅಂಗಡಿಯ ಕೊರೆ, ಮನೆಯ ರದ್ದಿ.

ಶುರು ಮಾಡುವವರು ಈ ರವಿವಾರವೇ 60ಕ್ಕೆ 30 ಸೆಂಟಿಮೀಟರಿನ ಒಂದು ಪ್ಲೈವುಡ್ ತುಂಡು ಕೊಯ್ಸಿಕೊಳ್ಳಿ. ಅದರ ಮುಂದಿನ ಅಂಚಿನಿಂದ 10 ಸೆಂಟಿಮೀಟರಿಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿಡಿ, ಹಳಿ ಆಮೇಲೆ ಬರಲಿ.